ಅಪ್ಪ ಊದಲಿಲ್ಲ

ಸಿದ್ರಾಮಪ್ಪ ತಂಬಿಗೆಗೆ ತುಟಿ ತಾಗಿಸಿ ನೀರು ಕುಡಿದದ್ದನ್ನು ಕಂಡವರು ಪುಣೆಯ ನಿಗಡಿಯಲ್ಲಿ ಯಾರೂ ಇಲ್ಲ. ಮುಖ ಮೇಲೆತ್ತಿ, ಗೇಣು ದೂರದಿಂದ ಬಾಯಿಗೆ ಸುರಿದುಕೊಳ್ಳುವುದು ಅವನ ರೀತಿ. ಚಹಾದೊಂದಿಗೆ ಆ ಸರ್ಕಸ್ ನಡೆಯುವುದಿಲ್ಲವಲ್ಲ, ಅದಕ್ಕೆಂದು ತನ್ನದೇ ಒಂದು ಸ್ಟೀಲ್ ಲೋಟವನ್ನು ತಾನು ಓಡಿಸುವ ಶಾಲೆಯ ವ್ಯಾನಿನಲ್ಲಿಟ್ಟುಕೊಂಡಿದ್ದ. ಮೊಮ್ಮಗಳು ಸೋನಾಲಿ ತಾನು ಕಚ್ಚಿದ ಪೇರಲಹಣ್ಣನ್ನು ಪ್ರೀತಿಯಿಂದ ಚಾಚಿದರೂ "ನೀ ತಿನ್ನು ತಾಯಿ, ನನ್ನ ಹೊಟ್ಟಿ ತುಂಬೇದ" ಎಂದು ಜಾರಿಕೊಳ್ಳುತ್ತಿದ್ದ. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಮೂವತ್ತು ವರ್ಷವಾದರೂ ಕೊರಳಿನ ಲಿಂಗವನ್ನೂ ಈ ಎಂಜಲಿನ ಕಟ್ಟುನಿಟ್ಟನ್ನೂ ಅವನು ಸಡಿಲ ಬಿಟ್ಟಿರಲಿಲ್ಲ. ಇಂಥ ಮನುಷ್ಯನನ್ನು ಗಟಾರಿಯ ದಿನ ಪೊಲೀಸರು ಚೌಕದಲ್ಲಿ ತಡೆದು, ಹತ್ತು ಜನ ಕುಡುಕರು ಬಾಯಿಟ್ಟ ನಳಿಗೆಯನ್ನು ಮುಂದೆ ಹಿಡಿದು ಊದು ಎಂದರೆ ಏನಾಗಬೇಕೋ ಅದೇ ಆಯಿತು.

ಗಟಾರಿ ಎಂದರೆ ಶ್ರಾವಣ ಹಿಡಿಯುವ ಮುಂಚಿನ ಅಮಾವಾಸ್ಯೆ. ಮುಂದೆ ಒಂದು ತಿಂಗಳು ಬಾಟಲಿ ಮುಟ್ಟುವಂತಿಲ್ಲ ಎಂದು ಊರಿನ ಅರ್ಧ ಗಂಡಸರು ತಿಂಗಳ ಪಾಲನ್ನೆಲ್ಲ ಅಂದೇ ಹೊಟ್ಟೆಗೆ ಇಳಿಸುತ್ತಾರೆ. ಪೊಲೀಸರಿಗೂ ಅದು ಹಬ್ಬವೇ. ಎರಡು ಸಾವಿರದ ಆರನೆಯ ಇಸವಿಯ ಆ ಗಟಾರಿಯಂದು, ಶಾಲೆಯ ಹದಿನೆಂಟು ಮಕ್ಕಳನ್ನು ಅವರವರ ಮನೆಗೆ ಬಿಟ್ಟಾದ ಮೇಲೆ ಖಾಲಿ ವ್ಯಾನಿನಲ್ಲಿ ಬರುತ್ತಿದ್ದ ಸಿದ್ರಾಮಪ್ಪ ಸಂಜೆ ಆರೂವರೆಗೆ ಅವರ ಕೈಗೆ ಸಿಕ್ಕ. ರಾತ್ರಿ ಒಂಬತ್ತೂವರೆಗೆ ನಡೆದುಕೊಂಡು ಮನೆಗೆ ಬಂದ.

"ಆ ನಳಿಗಿ ನೋಡಬೇಕಿತ್ತು ನೀವು," ಎಂದ ಅವನು, ಬಚ್ಚಲಿಗೂ ಹೋಗದೆ ಬಾಗಿಲಲ್ಲೇ ನಿಂತು. "ನನ್ನ ಮುಂದಿನವ ಊದಿ, ಬಾಯಾಗಿನ ಜೊಲ್ಲು ಸಹಿತ ಅದರಾಗ ಬಿಟ್ಟಿದ್ದ. ಹವಾಲ್ದಾರ ಪ್ಯಾಂಟಿಗಿ ಒರಸಿ ನನಗ ಕೊಡ್ತಾನ. ನಾ ಒಲ್ಲೆ ಅಂದೆ. ಬೇಕಾದ್ರ ದವಾಖಾನಿಗಿ ನಡೀರಿ, ರಕ್ತ ತಗೋರಿ ಅಂದೆ."

"ತಗೊಂಡ್ರೇನು?" ಎಂದಳು ಅವನ ಹೆಂಡತಿ ಶಿವಬಸವ್ವ.

"ಎಲ್ಲೀದು. ಇಂಥಾ ಗದ್ದಲದಾಗ ನಿನ್ನೊಬ್ಬನ್ನ ದವಾಖಾನಿಗಿ ಯಾರು ಒಯ್ಯಬೇಕು ಅಂದ. ಮೈಗೆ ದಾರೂ ವಾಸನಿ ಬರ್ತದ, ಟೆಸ್ಟಿಗಿ ಒಪ್ಪಲಿಲ್ಲ ಅಂತ ಬರಕೊಂಡ. ಲೈಸೆನ್ಸೂ ಇಟಗೊಂಡ, ಗಾಡೀನೂ ಇಟಗೊಂಡ. ಕೋರ್ಟಿಗಿ ಬಾ ಅಂತ ಚೀಟಿ ಕೊಟ್ಟಾನ."

"ಮೈಗೆ ವಾಸನಿ ಯಾಕ ಬಂತ್ರಿ, ಮಾವಾರ?" ಕೇಳಿದ್ದು ಸೊಸೆ ತ್ರಿವೇಣಿ. ಒಲೆಯ ಮುಂದಿನಿಂದಲೇ ಕೇಳಿದಳು.

ಸಿದ್ರಾಮಪ್ಪ ಅಂಗಿಯ ಗುಂಡಿ ಬಿಚ್ಚತೊಡಗಿದ. "ಗಟಾರಿ ದಿನ ಊರ ತುಂಬ ಅದ ವಾಸನಿ ತಂಗಿ."

ಮಗ ಸಂಜು ಆಗ ತಾನೇ ಕಾರ್ಖಾನೆಯಲ್ಲಿ ಓವರ್‌ಟೈಮ್ ಮುಗಿಸಿ ಬಂದವನಂತೆ ಮೂಲೆಯಲ್ಲಿ ಕೂತು ಬಡೇಸೋಪು ಅಗಿಯುತ್ತಿದ್ದ. ಆ ವಾಸನೆ ಎಲ್ಲಿಂದ ಬಂತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ.

ಓವರ್‌ಟೈಮೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಮಧ್ಯಾಹ್ನವೇ ಅವನೂ ಜೊತೆಯ ಕೆಲಸಗಾರ ಏಕನಾಥನೂ ಹೆದ್ದಾರಿಯ ಒಂದು ಧಾಬಾದಲ್ಲಿ ಕೂತಿದ್ದರು. ಐದು ಗಂಟೆಗೆ ಸಂಜು ಎದ್ದು ನಿಲ್ಲಲಾರದಾದ. ಹೆದರಿದ ಏಕನಾಥ ಅವನದೇ ಮೊಬೈಲಿನಿಂದ ಅವನ ಅಪ್ಪನಿಗೆ ಫೋನು ಮಾಡಿದ. ಅಪ್ಪ ಬಂದ, ಮಗನನ್ನು ತೋಳಲ್ಲಿ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಏಕನಾಥ ಹಿಂದೆ ಹತ್ತಿದ. ದಾರಿಯಲ್ಲಿ ಸಂಜು ಸೀಟಿನ ಮೇಲೂ ಅಪ್ಪನ ಅಂಗಿಯ ಮೇಲೂ ಕಾರಿಕೊಂಡ. ಆಕುರ್ಡಿಯ ಏಕನಾಥನ ಖೋಲಿಯಲ್ಲಿ ಅವನನ್ನು ಇಳಿಸಿ, "ಮಜ್ಜಿಗಿ ಕುಡಿಸು, ತಲಿಗಿ ನೀರು ಹಾಕು, ನೆಟ್ಟಗಾದ ಮ್ಯಾಲ ಮನಿಗಿ ಕಳಸು" ಎಂದು ಏಕನಾಥನಿಗೆ ಹೇಳಿ, ಸೀಟನ್ನೂ ಅಂಗಿಯನ್ನೂ ನೀರು ಹಚ್ಚಿ ಒರೆಸಿಕೊಂಡು ಅಪ್ಪ ಒಬ್ಬನೇ ಹೊರಟ. ಚೌಕ ಅಲ್ಲಿಂದ ಹತ್ತು ನಿಮಿಷದ ಹಾದಿ.

ಅಪ್ಪ ತನ್ನ ಹೆಸರೆತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಸಂಜು ಕಾಯುತ್ತ ಕೂತ. ಅಪ್ಪ ಎತ್ತಲಿಲ್ಲ. ಸ್ನಾನ ಮಾಡಿದ, ಲಿಂಗಪೂಜೆ ಮಾಡಿದ, ಎರಡು ರೊಟ್ಟಿ ತಿಂದು ಮಲಗಿದ.

ಮರುದಿನ ಬೆಳಿಗ್ಗೆ ಆ ಅಂಗಿಯನ್ನು ತೊಳೆದವಳು ತ್ರಿವೇಣಿ. ಅವಳ ಮೂಗಿಗೆ ಯಾವ ಯಂತ್ರವೂ ಸಮವಲ್ಲ. ಅವಳ ಅಪ್ಪ ಶಿರೂರಿನ ಬಾಜಾರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವನು. ಮೊದಲು ಅಂಗಡಿಯನ್ನು, ಆಮೇಲೆ ತನ್ನ ಲಿವರನ್ನು ಕುಡಿದು ಮುಗಿಸಿ, ನಲವತ್ತೆರಡಕ್ಕೇ ಹೋಗಿಬಿಟ್ಟಿದ್ದ. ಚಿಕ್ಕಂದಿನಲ್ಲಿ ಅವನ ಅಂಗಿಗಳನ್ನು ತೊಳೆದವಳೂ ಅವಳೇ.

"ಎರಡ ಸಲ ಸಾಬಾಣ ಹಚ್ಚೀನಿ," ಎಂದಳು ಗಂಡನಿಗೆ. "ಊರಿನ ವಾಸನಿ ಅಲ್ಲ ಅದು. ಹೊಟ್ಟಿಯೊಳಗ ಹೋಗಿ ಹೊರಗ ಬಂದ ವಾಸನಿ."

"ಅಪ್ಪ ಕುಡಿಯಂಗಿಲ್ಲ ತ್ರಿವೇಣಿ."

"ನಮ್ಮಪ್ಪನೂ ಕುಡಿಯಂಗಿಲ್ಲ ಅಂತ ನಮ್ಮಜ್ಜಿ ಸಾಯೋತನಾ ಹೇಳಿದ್ಲು."

ಸಂಜು ಟಿಫಿನ್ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊತ್ತಾಯಿತೆಂದು ಹೊರಬಿದ್ದ. ಹೊತ್ತೇನೂ ಆಗಿರಲಿಲ್ಲ.

ಪೊಲೀಸರು ಮರುದಿನ ವ್ಯಾನು ಬಿಟ್ಟುಕೊಟ್ಟರು. ಲೈಸೆನ್ಸ್ ಬರುವವರೆಗೆ ಆ ಚೀಟಿಯ ಮೇಲೆಯೇ ಗಾಡಿ ಓಡಿಸಬಹುದಿತ್ತು. ಅದರ ಮಾರನೆಯ ದಿನ ಸಿದ್ರಾಮಪ್ಪ ಎಂದಿನಂತೆ ಏಳಕ್ಕೆ ಗಾಡಿ ಒರೆಸಿ, ಸೋನಾಲಿಗೆಂದು ಮುಂದಿನ ಬಾಗಿಲು ತೆರೆದು ನಿಂತ. ತ್ರಿವೇಣಿ ಮಗಳ ಕೈ ಹಿಡಿದು ಗಾಡಿಯ ಪಕ್ಕದಿಂದಲೇ ದಾಟಿ ನಡೆದಳು.

"ಇವತ್ತ ನಡಕೊಂಡ ಹೋಗ್ತೀವ್ರಿ, ಮಾವಾರ. ಆಕಿಗಿ ನಡೀಬೇಕಂತ."

"ನಾ ಎಲ್ಲಿ ಹಂಗ ಅಂದೆ?" ಎಂದಿತು ಮಗು.

ಸಿದ್ರಾಮಪ್ಪ ಬಾಗಿಲು ಹಾಕಿದ. ಸಂಜು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಆದರೂ ಹೊರಗೆ ಬರಲಿಲ್ಲ.

ಸುದ್ದಿ ಶಾಲೆಯನ್ನು ತಲುಪಲು ಎರಡು ದಿನ ಸಾಕಾಯಿತು. ವ್ಯಾನುಗಳ ಉಸ್ತುವಾರಿಯ ಇಂದೂ ಮೇಡಂ ಕೆಟ್ಟವಳಲ್ಲ. "ಕಾಕಾ, ನಿಮ್ಮ ಮೇಲೆ ನನಗೆ ವಿಶ್ವಾಸ ಇದೆ," ಎಂದು ಮರಾಠಿಯಲ್ಲಿ ಹೇಳಿದಳು. "ಆದರೆ ತಂದೆತಾಯಂದಿರು ಕೇಳುತ್ತಾರೆ. ಕೋರ್ಟಿನಿಂದ ನೀವು ನಿರ್ದೋಷಿ ಅಂತ ಕಾಗದ ತನ್ನಿ. ಅಲ್ಲಿಯವರೆಗೆ ಮಕ್ಕಳನ್ನು ಬೇರೆ ಗಾಡಿಗೆ ಹಾಕುತ್ತೇನೆ."

ಅಂದಿನಿಂದ ವ್ಯಾನು ಮನೆಯ ಮುಂದೆ ನಿಂತಿತು. ಸಿದ್ರಾಮಪ್ಪನಿಗೆ ಕೈಕಾಲು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಬೆಳಿಗ್ಗೆ ಏಳಕ್ಕೆ ಗಾಡಿ ಒರೆಸುವುದು, ಎಂಟಕ್ಕೆ ಚಕ್ರದ ಗಾಳಿ ನೋಡುವುದು, ಒಂಬತ್ತಕ್ಕೆ ಮತ್ತೆ ಒರೆಸುವುದು. ಅಡುಗೆಮನೆಗೆ ಬಂದು ಮೆಂತ್ಯಪಲ್ಲೆ ಸೋಸಲು ಕೂತರೆ ಶಿವಬಸವ್ವ ಓಡಿಸುತ್ತಿದ್ದಳು.

"ಗಂಡಸರು ಒಳಗ ಕುಂತ್ರ ರೊಟ್ಟಿ ಹೊತ್ತತಾವ. ಹೋಗ್ರಿ, ಅಡ್ಡಾಡಿ ಬರ್ರಿ."

"ಅಡ್ಡಾಡಿ ಬಂದೀನಿ."

"ಮತ್ತೊಮ್ಮೆ ಅಡ್ಡಾಡ್ರಿ."

ಪಂಚಮಿ ಬಂತು, ಹೋಯಿತು. ಪಂಚಮಿಗೆ ಕರೆಯಲು ತ್ರಿವೇಣಿಯ ಅಣ್ಣ ಶಿರೂರಿನಿಂದ ಬಂದರೆ, ಮನೆಯಲ್ಲಿ ಕೋರ್ಟು ಕಚೇರಿ ನಡೆದಿರುವಾಗ ಹೇಗೆ ಬರಲಿ ಎಂದು ಅವಳೇ ಹಿಂದೆ ಕಳಿಸಿದಳು. ಅಳ್ಳು, ಉಂಡಿ ಎಲ್ಲ ಆದವು, ತಿಂದವರು ಕಡಿಮೆ. ಶಿವಬಸವ್ವ ಡಬ್ಬಿಗೆ ಉಂಡಿ ತುಂಬುತ್ತ ಸೊಸೆಯ ಮೇಲೆ ಹರಿಹಾಯ್ದಳು.

"ಮೂವತ್ತೈದು ವರ್ಷ ಸಂಸಾರ ಮಾಡೀನಿ ಅವರ ಕೂಡ. ಅವರ ಬಾಯಿ ನನಗ ಗೊತ್ತಿಲ್ಲೇನು? ನೀ ಮಗಳನ್ನ ಗಾಡಿ ಹತ್ತಿಸಲಿಲ್ಲ ಅಂದ್ರ ಊರಿನವರು ಹ್ಯಾಂಗ ಹತ್ತಿಸ್ಯಾರು?"

"ಊರಿನವರ ಮುಂದ ನಾ ಏನೂ ಅಂದಿಲ್ರಿ, ಅತ್ತಿ. ಆದ್ರ ಮಗಳು ನಂದು. ವಾಸನಿ ಬಂದ ಗಾಡಿಗಿ ನಾ ಹತ್ತಿಸಂಗಿಲ್ಲ."

"ಸಂಜ್ಯಾ, ನಿನ್ನ ಹೆಂಡತಿಗಿ ಹೇಳು."

ಇಬ್ಬರೂ ಸಂಜುವಿನ ಕಡೆ ತಿರುಗಿದರು. ಬಾಯಲ್ಲಿ ಉಂಡಿ ಇತ್ತು, ಒಳ್ಳೆಯದಾಯಿತು. ಅವನು ತಲೆಯಾಡಿಸಿದ. ಆ ತಲೆಯಾಟ ಹೌದೋ ಅಲ್ಲವೋ ಎಂಬುದು ಅವನಿಗೇ ತಿಳಿದಿರಲಿಲ್ಲ.

ವಕೀಲೆ ಪ್ರಫುಲ್ಲಾ ಅವರ ಆಫೀಸಿಗೆ ಅಪ್ಪನನ್ನು ಕರೆದೊಯ್ದವನು ಸಂಜುವೇ. ಐವತ್ತರ ಹೆಂಗಸು, ಮರಾಠಿಯಲ್ಲಿ ಪಟಪಟನೆ ಮಾತಾಡಿದರು.

"ಊದಲ್ಲ ಅಂದಿರಿ, ಪೊಲೀಸರು ಹಿಡಿದರು. ಅವರಿಗೆ ಅನುಮಾನ ಇದ್ದರೆ ಹಿಡಿಯುವ ಅಧಿಕಾರ ಕಾಯ್ದೆಯಲ್ಲೇ ಇದೆ. ಆದರೆ ಹಿಡಿದ ಎರಡು ತಾಸಿನೊಳಗೆ ಡಾಕ್ಟರ ಕೈಲಿ ರಕ್ತ ತೆಗೆಸಬೇಕಿತ್ತು. ನೀವೇ ಕೇಳಿದರೂ ತೆಗೆಸಲಿಲ್ಲ, ಅದು ಅವರ ತಪ್ಪು. ಇನ್ನು ನೀವು ಒಪ್ಪದೇ ಇದ್ದದ್ದು. ಕಾರಣ ಇಲ್ಲದೆ ಒಪ್ಪಲಿಲ್ಲ ಅಂದರೆ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಸರಿಯಾದ ಕಾರಣ ಇದ್ದರೆ ನಿಲ್ಲುವುದಿಲ್ಲ. ಎಂಜಲು ನಳಿಗೆ ಬಾಯಲ್ಲಿಡಲಾರೆ ಅನ್ನುವುದೂ ಕಾರಣವೇ, ಕಾಕಾ. ಪ್ರತಿ ಮನುಷ್ಯನಿಗೂ ಬೇರೆ ನಳಿಗೆ ಕೊಡಬೇಕಿತ್ತು ಅಂತ ನಾನು ಹೊಡೆದಾಡುತ್ತೇನೆ."

ಸಿದ್ರಾಮಪ್ಪನ ಮುಖ ಗಟಾರಿಯ ನಂತರ ಮೊದಲ ಸಲ ಅರಳಿತು.

"ಒಂದೇ ತೊಡಕು. ವಾಸನೆ ಬರುತ್ತಿತ್ತು ಅಂತ ಬರೆದಿದ್ದಾರೆ. ಎಲ್ಲಿಂದ ಬಂತು? ಗಾಡಿಯಲ್ಲಿ ಅದಕ್ಕೂ ಮೊದಲು ಯಾರಾದರೂ ಇದ್ದರೇ?"

ಫ್ಯಾನು ತಿರುಗುತ್ತಿತ್ತು. ಸಂಜು ಮೇಜಿನ ಮೇಲಿನ ಫೈಲುಗಳನ್ನು ನೋಡಿದ.

"ಯಾರೂ ಇರಲಿಲ್ಲ, ಮೇಡಂ," ಎಂದ ಅಪ್ಪ.

ಸಂಜುವಿಗೆ ತಿಳಿದಂತೆ ಅಪ್ಪ ಹೇಳಿದ ಮೊದಲ ಸುಳ್ಳು ಅದು. ಸಣ್ಣವನಿದ್ದಾಗ ಬಸ್ಸಿನಲ್ಲಿ ಅರ್ಧ ಟಿಕೇಟಿಗಾಗಿ ವಯಸ್ಸು ಮುಚ್ಚಿಡಲೂ ಒಪ್ಪದವನು ಈಗ ಕಣ್ಣು ಮಿಟುಕಿಸದೆ ಹೇಳಿದ್ದ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಸಂಜು ಅಪ್ಪನ ತೋಳು ಹಿಡಿದ.

"ಅಪ್ಪಾ, ಯಾಕ ಹಂಗ ಹೇಳಿದ್ರಿ? ನಾ ಇದ್ದೆ ಅಂತ ಹೇಳ್ರಿ."

"ಹೇಳಿದ್ರ ನಿನ್ನನ್ನ ಕೋರ್ಟಿಗಿ ಕರೀತಾರ. ಮನ್ಯಾಗ ಗೊತ್ತಾಗ್ತದ."

"ಗೊತ್ತಾಗ್ಲಿ." ಸಂಜು ಎಂದನೇನೋ ನಿಜ, ಆದರೆ ಮೆಟ್ಟಿಲನ್ನೇ ನೋಡುತ್ತ ಎಂದ.

ಅಪ್ಪ ನಿಂತ. "ನಿನ್ನ ಮದಿವಿ ಮಾತಾಡಾಕ ಶಿರೂರಿಗಿ ಹೋದಾಗ ಆಕಿ ಅವ್ವ ನನಗ ಒಂದ ಮಾತು ಕೇಳಿದ್ಲು. ಬಂಗಾರ ಕೇಳಲಿಲ್ಲ, ಮನಿ ಕೇಳಲಿಲ್ಲ. ನಿಮ್ಮ ಮನ್ಯಾಗ ಕುಡಿಯೋರು ಯಾರರ ಅದಾರೇನ್ರಿ ಅಂದ್ಲು. ನಾ ಲಿಂಗ ಮುಟ್ಟಿ ಇಲ್ಲ ಅಂದೆ. ಈಗ ಕೋರ್ಟಿನ್ಯಾಗ ಏನ ಹೇಳ್ಲಿ? ಆ ಮಾತು ಸುಳ್ಳು ಅಂತ ಹೇಳ್ಲಿ?"

"ಮತ್ತ ಏನ ಮಾಡ್ತೀರಿ?"

"ತಪ್ಪಾತು ಅಂತೀನಿ. ದಂಡ ಕಟ್ಟತೀನಿ, ಮುಗೀತು. ಸಾಕ್ಷಿ ಹೇಳೋರಿಗಿ ಪ್ರಮಾಣ ಮಾಡಸ್ತಾರ, ತಪ್ಪು ಒಪ್ಪಿಕೊಳ್ಳೋನಿಗಿ ಮಾಡಸಂಗಿಲ್ಲಂತ. ವಕೀಲರ ಕಾರಕೂನನ್ನ ಕೇಳೀನಿ."

"ಶಾಲಿ ಗಾಡಿ ಹೋಗ್ತದಪ್ಪಾ. ಮತ್ತ ಯಾರೂ ಕೂಸು ಹತ್ತಿಸಂಗಿಲ್ಲ."

"ಆತು ಬಿಡು. ಬಾಜಾರದಾಗ ಉಳ್ಳಾಗಡ್ಡಿ ಹೇರ್ತೀನಿ."

ಆ ಮುಂದಿನ ಹತ್ತು ದಿನ ಸಂಜುವಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡದೆಯೇ ಸರಿ ಎಂದು ಚೀಟಿ ಅಂಟಿಸಿ ಸಾಹೇಬರಿಂದ ಬೈಸಿಕೊಂಡ. ಸಂಬಳದ ದಿನ ಏಕನಾಥ ಕರೆದರೆ ಹೋಗಲಿಲ್ಲ. ಹೋಗಲಿಲ್ಲವೆಂದು ಹೆಮ್ಮೆಪಡಲೂ ಆಗಲಿಲ್ಲ. ಮನೆಗೆ ಬಂದರೆ ಅಪ್ಪ ಗಾಡಿ ಒರೆಸುತ್ತಿರುತ್ತಿದ್ದ. ತ್ರಿವೇಣಿ ಮಾವನಿಗೆ ಊಟ ಬಡಿಸುತ್ತಿದ್ದಳು, ಮಾತು ಮಾತ್ರ ಬಡಿಸುತ್ತಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಅಜ್ಜನ ತೊಡೆಯ ಮೇಲೆ ಕೂತು ಉಣ್ಣುತ್ತಿದ್ದ ಸೋನಾಲಿಯನ್ನು ಈಗ ಅಡುಗೆಮನೆಯಲ್ಲೇ ಉಣಿಸಿಬಿಡುತ್ತಿದ್ದಳು. ತನ್ನ ಮೈಯ ಹೊಲಸನ್ನು ಅಪ್ಪನಿಗೆ ತೊಡಿಸಿ, ತಾನು ಇಸ್ತ್ರಿ ಅಂಗಿಯಲ್ಲಿ ತಿರುಗುತ್ತಿದ್ದೇನೆ ಎನಿಸಿ ಸಂಜುವಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಹೇಳಿಬಿಡಬೇಕೆಂದು ದಿನಕ್ಕೆ ನಾಲ್ಕು ಸಲ ಬಾಯಿ ತೆರೆದ, ನಾಲ್ಕು ಸಲ ನೀರು ಕೇಳಿದ.

ಕೋರ್ಟಿನ ತಾರೀಖು ಶ್ರಾವಣದ ಕೊನೆಯ ಸೋಮವಾರ ಬಂತು. ಶಿವಬಸವ್ವನಿಗೆ ಉಪವಾಸ, ಬೆಳಿಗ್ಗೆ ಎಲ್ಲರಿಗೂ ಸಾಬೂದಾಣಿ ಖಿಚಡಿ. ಸಿದ್ರಾಮಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾಟಿನ ಮುಂದೆ ಕೂತು ಶಾಂತವಾಗಿ ಹೇಳಿದ:

"ಇವತ್ತ ಎಲ್ಲಾ ಮುಗಸಿ ಬರ್ತೀನಿ. ತಪ್ಪು ಕಬೂಲ್ ಅಂತೀನಿ."

ಶಿವಬಸವ್ವನ ಕೈಯಲ್ಲಿ ಸೌಟು ನಿಂತಿತು. "ಏನು ಕಬೂಲ್? ಕುಡಿದಿದ್ದೆ ಅಂತೀರೇನು? ಕೊರಳಾಗ ಲಿಂಗ ಇಟಗೊಂಡು ಅಷ್ಟು ಮಂದಿ ಮುಂದ ಕುಡಿದಿದ್ದೆ ಅಂತ ಸುಳ್ಳು ಹೇಳ್ತೀರೇನು?"

"ಸುಮ್ಮಕಿರು."

"ಸುಳ್ಳ್ಯಾಕ ಅಂತೀರಿ, ಅತ್ತಿ," ಎಂದಳು ತ್ರಿವೇಣಿ, ತಲೆ ತಗ್ಗಿಸಿ, ಮೆಲ್ಲಗೆ. "ಒಪ್ಪಿಕೊಂಡ್ರ ಒಳ್ಳೇದ ಆತು. ನಮ್ಮಪ್ಪ ಒಮ್ಮೆನೂ ಒಪ್ಪಿಕೊಳ್ಳಲಿಲ್ಲ. ಅಂಗಿ ನಾ ತೊಳದೀನಿ."

ಸಿದ್ರಾಮಪ್ಪ ತುತ್ತನ್ನು ಬಾಯಿಗೆ ಒಯ್ಯದೆ ತಾಟಿಗೇ ಇಟ್ಟ. ಆ ತುತ್ತು ತಾಟಿಗೆ ಮರಳಿದ್ದನ್ನು ನೋಡಿದ ಸಂಜುವಿಗೆ ಇನ್ನು ತಡೆಯಲಾಗಲಿಲ್ಲ.

"ಆ ವಾಸನಿ ನಂದು," ಎಂದ.

ಅವನು ಮುಂದುವರಿಸಿದ, ನಿಂತರೆ ಮತ್ತೆ ಶುರುವಾಗಲಿಕ್ಕಿಲ್ಲ ಎಂಬ ಭಯ ಅವನಿಗೆ. "ಅವತ್ತ ಓವರ್‌ಟೈಮ್ ಇರಲಿಲ್ಲ. ಏಕನಾಥನ ಕೂಡ ಕುಡದಿದ್ದೆ. ಅಪ್ಪ ಬಂದು ಎತ್ತಿ ಗಾಡ್ಯಾಗ ಹಾಕ್ಕೊಂಡ್ರು. ಅವರ ಅಂಗಿ ಮ್ಯಾಲ ಕಾರಿಕೊಂಡವ ನಾನು. ಅವರು ನನ್ನ ಇಳಿಸಿ ಬರೋವಾಗ ಪೊಲೀಸ್ರು ಹಿಡದ್ರು."

"ಸಂಜ್ಯಾ," ಎಂದಳು ಅವ್ವ. ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಎಷ್ಟ ದಿನದಿಂದ?" ತ್ರಿವೇಣಿ ಕೇಳಿದಳು.

"ಎರಡ ವರ್ಷ. ಸಂಬಳದ ದಿನ. ಒಮ್ಮೊಮ್ಮೆ ನಡುವ."

"ಸಂಬಳದ ದಿನ ಬಡೇಸೋಪು ತಿಂತಿದ್ರಿ." ಅವಳು ಎದ್ದು ಗ್ಯಾಸ್ ಆರಿಸಿದಳು. "ಮಾವಾರ ಅಂಗಿ ಎರಡ ಸಲ ತೊಳದು ಅವರ ಮ್ಯಾಲ ಸಂಶಯ ಪಟ್ಟೆ. ನಿಮ್ಮ ಅಂಗಿ ಒಂದ ಸಲನೂ ಮೂಸಿ ನೋಡಲಿಲ್ಲ. ಅವರ ಮಗ ಅಂತ."

ಅವಳು ಸಿದ್ರಾಮಪ್ಪನ ಕಾಲಿಗೆ ಬಗ್ಗಿದಳು. ಅವನು ಕಾಲು ಹಿಂದೆ ತೆಗೆದುಕೊಂಡ.

"ಬ್ಯಾಡ ತಂಗಿ. ನಾನೂ ಮುಚ್ಚಿಟ್ಟೆನಲ್ಲ. ನಿಮ್ಮವ್ವಗ ಕೊಟ್ಟ ಮಾತು ಉಳಸಾಕಂತ ನಿನಗ ಸುಳ್ಳು ಹೇಳಿದೆ."

ಕೋರ್ಟಿನ ಬಾಗಿಲಲ್ಲಿ ಸಂಜು ಎಲ್ಲವನ್ನೂ ಒಪ್ಪಿಕೊಂಡಾಗ ಪ್ರಫುಲ್ಲಾ ಅವರು ತಲೆ ಚಚ್ಚಿಕೊಂಡರು. "ಇದನ್ನು ಅವತ್ತೇ ಹೇಳಿದ್ದರೆ ನನಗೆ ನಾಲ್ಕು ದಿನದ ನಿದ್ದೆ ಉಳಿಯುತ್ತಿತ್ತು," ಎಂದು ಬೈದು ಒಳಗೆ ಕರೆದೊಯ್ದರು. ಗುನ್ಹಾ ಕಬೂಲೇ ಎಂದು ನ್ಯಾಯಾಧೀಶರು ಕೇಳಿದರು. ಸಿದ್ರಾಮಪ್ಪ ಹಿಂದೆ ತಿರುಗಿ ಮಗನನ್ನು ನೋಡಿ, "ಇಲ್ಲ ಸಾಹೇಬರೇ" ಎಂದ.

ಆಮೇಲೆ ಎರಡು ತಾರೀಖು. ರಕ್ತ ತೆಗೆಸಲಿಲ್ಲವೆಂದೂ ನಳಿಗೆ ಎಲ್ಲರಿಗೂ ಒಂದೇ ಇತ್ತೆಂದೂ ಹವಾಲ್ದಾರ ಒಪ್ಪಿಕೊಂಡ. ಸಂಜು ಪ್ರಮಾಣ ಮಾಡಿ ಹೇಳಿದ, ಏಕನಾಥನೂ ಹೇಳಿದ. ತಂದೆಯನ್ನು ಉಳಿಸಲು ಮಗ ಸುಳ್ಳು ಹೇಳುತ್ತಿದ್ದಾನೆ ಎಂದು ಸರ್ಕಾರಿ ವಕೀಲರು ಚುಚ್ಚಿದಾಗ, "ಇಷ್ಟು ದಿನ ತಂದೆಯೇ ನನ್ನನ್ನು ಉಳಿಸಲು ಸುಳ್ಳು ಹೇಳಿದ್ದರು" ಎಂದ. ಆ ಒಂದು ಉತ್ತರಕ್ಕೆ ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು. ಮಹಾನವಮಿಗೆ ವಾರವಿರುವಾಗ ಸಿದ್ರಾಮಪ್ಪನ ಕೈಗೆ ಬಿಡುಗಡೆಯ ಕಾಗದವೂ ಲೈಸೆನ್ಸೂ ಬಂದವು. ಇಂದೂ ಮೇಡಂ ಕಾಗದ ನೋಡಿ, ದಸರೆಯ ರಜೆ ಮುಗಿದ ಸೋಮವಾರದಿಂದ ಬನ್ನಿ ಎಂದಳು.

ಈ ದಿನಗಳಲ್ಲೆಲ್ಲ ತ್ರಿವೇಣಿ ಗಂಡನೊಡನೆ ಅಗತ್ಯಕ್ಕೆ ಮೀರಿ ಒಂದು ಮಾತಾಡಲಿಲ್ಲ. ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಅತ್ತೆಯ ಪಕ್ಕದಲ್ಲಿ ಮಲಗಿದಳು, ಅವನ ಡಬ್ಬಿ ಕಟ್ಟಿದಳು, ಸಂಜೆ ಸೋನಾಲಿಯನ್ನು ಅಜ್ಜನ ತೊಡೆಗೆ ಕಳಿಸಿದಳು. ಮಾವನ ಕಾಗದ ಬರುವುದನ್ನೇ ಕಾಯುತ್ತಿದ್ದಳೆಂದು ಅವನಿಗೆ ತಿಳಿದದ್ದು ಮಹಾನವಮಿ ಕಳೆದ ಭಾನುವಾರ, ಅವಳು ಎರಡು ಚೀಲ ಹೊರಗೆ ತಂದಿಟ್ಟಾಗ.

"ಮಾವಾರ, ಶಿರೂರಿಗಿ ಬಿಟ್ಟು ಬರ್ತೀರೇನು?"

"ಬಾ ತಂಗಿ," ಎಂದ ಸಿದ್ರಾಮಪ್ಪ. ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ.

ಶಿವಬಸವ್ವ ಮಾತ್ರ ಕೇಳಿದಳು. "ಕೂಸಿನ ಶಾಲಿ?"

"ದೀಪಾವಳಿ ಸೂಟಿ ಹತ್ತರ ಬಂತ್ರಿ, ಅತ್ತಿ. ಅಲ್ಲೀತನಾ ಅಲ್ಲೇ ಓದಿಸ್ತೀನಿ."

ಸಂಜು ಚೀಲಗಳನ್ನು ಎತ್ತಿ ಗಾಡಿಯಲ್ಲಿಟ್ಟ. ತಾನೂ ಹತ್ತಲೆಂದು ಹಿಂದಿನ ಬಾಗಿಲಿಗೆ ಕೈ ಹಾಕಿದ.

"ನೀವು ಬ್ಯಾಡ್ರಿ," ಎಂದಳು ತ್ರಿವೇಣಿ. ಸಿಟ್ಟಿರಲಿಲ್ಲ, ದಣಿವಿತ್ತು. "ನಮ್ಮವ್ವ ಅವತ್ತ ನಿಮ್ಮ ಅಪ್ಪಾರನ್ನ ಕೇಳಿದ್ಲು, ನಿಮ್ಮನ್ನ ಕೇಳಲಿಲ್ಲ. ನಾನೂ ಕೇಳಲಿಲ್ಲ."

"ನಾ ಬಿಟ್ಟೀನಿ ತ್ರಿವೇಣಿ. ಅವತ್ತಿನಿಂದ ಮುಟ್ಟಿಲ್ಲ."

"ಇರಬಹುದು. ನಿಮ್ಮ ಬಾಯಿಂದ ಕೇಳಿದ್ರ ನನಗ ತಿಳಿಯಂಗಿಲ್ಲ." ಸೋನಾಲಿಯನ್ನು ಮುಂದಿನ ಸೀಟಿಗೆ, ಅಜ್ಜನ ಪಕ್ಕಕ್ಕೆ ಹತ್ತಿಸಿ ತಾನೂ ಅವಳ ಬದಿಗೆ ಕೂತಳು. "ದೀಪಾವಳಿಗಿ ಮಾವಾರು ಕರೀಲಿಕ್ಕೆ ಬರ್ತಾರ. ಇಷ್ಟು ದಿನ ನೀವು ಹ್ಯಾಂಗಿದ್ರಿ ಅಂತ ಅವರನ್ನ ಕೇಳ್ತೀನಿ. ಅವರು ಏನ ಹೇಳ್ತಾರ ಅದರ ಮ್ಯಾಲ ಬರೋದು, ಬಿಡೋದು." ಅವಳು ಮಾವನ ಮುಖ ನೋಡಿ ಮತ್ತೆ ಗಂಡನ ಕಡೆ ತಿರುಗಿದಳು. "ನಿಮ್ಮ ಸಲುವಾಗಿ ಅವರು ಇನ್ನ ಸುಳ್ಳು ಹೇಳಂಗಿಲ್ಲ."

ಸಂಜು ಕಿಟಕಿಯಿಂದ ಅಪ್ಪನನ್ನು ನೋಡಿದ. ಅಪ್ಪ ಮುಂದಿನ ಗಾಜಿನಾಚೆಯ ರಸ್ತೆಯನ್ನೇ ನೋಡುತ್ತಿದ್ದ.

"ಹೇಳಂಗಿಲ್ಲ," ಎಂದ ಸಿದ್ರಾಮಪ್ಪ, ಮತ್ತು ಗಾಡಿ ಶುರು ಮಾಡಿದ.